ತಂಬೂರಿಗೆ ತುಂಬಿದ ಉಡಿ

ಹಾಡುವವರ ಫೋಟೋ ಪೇಪರಿನಲ್ಲಿ ಬಂದಾಗ ಹಿಂದೆ ತಂಬೂರಿ ಹಿಡಿದು ಕೂತವರ ಮುಖ ಅರ್ಧ ಕತ್ತರಿಸಿ ಹೋಗಿರುತ್ತದೆ. ನಮ್ಮ ಬಾಳಕ್ಕ ಅಂಥ ಅರ್ಧ ಮುಖದವಳು. ಟಿಳಕವಾಡಿಯ ಗವಾಯಿ ತ್ರ್ಯಂಬಕ ಬುವಾ ಅವರ ಹಿಂದೆ ಕೂತು ಮೂವತ್ತು ವರ್ಷ ತಂಬೂರಿ ಮೀಟಿದಳು. ಬುವಾ ಅವರ ಶಿಷ್ಯರೆಂದು ಹೇಳಿಕೊಂಡು ಹೊಟ್ಟೆ ಹೊರೆಯುವವರು ಬೆಳಗಾವಿಯಲ್ಲಿ ಈಗಲೂ ಬೇಕಾದಷ್ಟು ಮಂದಿ ಇದ್ದಾರೆ. ತಂಬೂರಿ ಯಾರು ನುಡಿಸುತ್ತಿದ್ದರು ಎಂದು ಅವರನ್ನು ಕೇಳಿ ನೋಡಿ. ಯಾರೋ ಒಬ್ಬಳು ಕೆಲಸದಾಕೆ ಎನ್ನುತ್ತಾರೆ. ನನಗೆ ಸಿಟ್ಟು ಬರುವುದು ಅಲ್ಲಿಯೇ.

ನಾನು ಬುವಾ ಅವರ ಮಗ್ಗುಲಮನೆಯವನು. ಖಾನಾಪುರ ಸ್ಟೇಶನ್ನಿನಲ್ಲಿ ಪಾರ್ಸಲ್ ಕ್ಲಾರ್ಕ್ ಆಗಿದ್ದೆ. ಬೆಳಿಗ್ಗೆ ಬೆಳಗಾವಿಯಿಂದ ಗಾಡಿ ಹತ್ತಿ ಹೋಗುವುದು, ಸಂಜೆ ಬರುವುದು. ಬಾಳಕ್ಕ ನನ್ನನ್ನು ಮಾಸ್ತರ ಎಂದೇ ಕರೆಯುತ್ತಿದ್ದಳು. ನಾನು ಸ್ಟೇಶನ್ ಮಾಸ್ತರನಲ್ಲ, ಪಾರ್ಸಲ್ ತೂಗುವವನು ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ರೈಲ್ವೆಯಲ್ಲಿ ಕೋಟು ತೊಟ್ಟವರೆಲ್ಲ ಆಕೆಗೆ ಮಾಸ್ತರರೇ.

ಆಕೆಯ ತವರು ಖಾನಾಪುರ. ಬೆಳಗಾವಿಯ ವಡಗಾವಿ ಭಾಗದ ನೇಕಾರರ ಮನೆಗೆ ಕೊಟ್ಟಿದ್ದರು. ಗಂಡ ಈರಯ್ಯ ಜ್ವರ ಬಂದು ತೀರಿಕೊಂಡಾಗ ಆಕೆಗೆ ಇಪ್ಪತ್ತೂ ತುಂಬಿರಲಿಲ್ಲ. ಅತ್ತೆಮನೆಯವರು ತವರಿಗೆ ಕಳಿಸಿದರು. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂದು ತವರಿನವರು ಮತ್ತೆ ಬೆಳಗಾವಿಗೇ ಅಟ್ಟಿದರು. ಬುವಾ ಅವರ ಮನೆಗೆ ಭಾಂಡೆ ತಿಕ್ಕಲು ಬಂದಳು. ಒಂದು ದಿನ ತಂಬೂರಿ ಹಿಡಿಯುವವನು ಬರಲಿಲ್ಲ. ಬುವಾ ಅವರಿಗೆ ಮೊದಲೇ ಮೂಗಿನ ತುದಿಗೆ ಸಿಟ್ಟು. "ಏ ಬಾಳಕ್ಕಾ, ಕೈ ತೊಳಕೊಂಡು ಬಾ, ಇಲ್ಲಿ ಕುಂದರ" ಎಂದರಂತೆ. ಆಕೆ ಬೂದಿ ಹತ್ತಿದ ಕೈ ತೊಳೆದುಕೊಂಡು ಬಂದು ಕೂತಳು. ಮತ್ತೆ ಏಳಲಿಲ್ಲ. ಭಾಂಡೆ ತಿಕ್ಕುವುದೂ ತಪ್ಪಲಿಲ್ಲ, ಆ ಮಾತು ಬೇರೆ.

ತಂಬೂರಿಯ ಕೆಲಸ ಸುಲಭ ಎಂದು ತಿಳಿದವರು ಅದರ ಗೋಜಿಗೆ ಹೋಗದವರು. ನಾಲ್ಕು ತಂತಿ, ಕೆಳಗೆ ಬುರುಡೆಯ ಮೇಲೆ ಅವನ್ನು ಹೊರುವ ಒಂದು ಕುದುರೆ. ಕುದುರೆಗೂ ತಂತಿಗೂ ನಡುವೆ ನೂಲಿನ ಒಂದು ತುಂಡು ಎಳೆ ಸಿಕ್ಕಿಸಬೇಕು. ಎಳೆ ಸರಿಯಾದ ಜಾಗದಲ್ಲಿ ಕೂತರೆ ನಾದ ಜೇನುಹುಟ್ಟಿನ ಹಾಗೆ ಗುಂಯ್ ಎಂದು ತುಂಬಿಕೊಳ್ಳುತ್ತದೆ. ಕೂಡದಿದ್ದರೆ ತಂತಿ ಟಣ್ ಎಂದು ಸುಮ್ಮನಾಗುತ್ತದೆ. ಆ ತಂಬೂರಿ ಮೊಂಡು ಸ್ವಭಾವದ್ದು. ಸಿಕ್ಕ ಸಿಕ್ಕ ದಾರಕ್ಕೆ ಬಾಯಿ ಬಿಡುತ್ತಿರಲಿಲ್ಲ. ಬಾಳಕ್ಕ ತನ್ನ ಓಣಿಯ ಗುರುಪಾದಪ್ಪನ ಕೈಮಗ್ಗದಿಂದ ರೇಷ್ಮೆಯ ಎಳೆ ತಂದು, ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಇನ್ನೊಂದನ್ನು ಬೆರಳಿಗೆ ಸುತ್ತಿ ಬಿಗಿಹಿಡಿದು, ಮೀಟಿ ನೋಡಿ ಆರಿಸುತ್ತಿದ್ದಳು. ಹಲ್ಲಿಗೆ ತಿಳಿಯುವುದು ಕಿವಿಗೆ ತಿಳಿಯುವುದಿಲ್ಲ ಎನ್ನುತ್ತಿದ್ದಳು.

ಎಪ್ಪತ್ತೆಂಟರಲ್ಲಿ ಬುವಾ ತೀರಿಕೊಂಡರು. ಅವರ ಹೆಂಡತಿ ಕುಂದಾಬಾಯಿ ಮನೆ ಖಾಲಿ ಮಾಡಿ ಪುಣೆಗೆ ಮಗಳ ಹತ್ತಿರ ಹೊರಟರು. ಹೊರಡುವಾಗ ತಂಬೂರಿಯನ್ನು ಬಾಳಕ್ಕನ ಕೈಗೆ ಕೊಟ್ಟು, "ಇದು ನಿಂದೇ" ಎಂದರು. ಆ ಮನೆಯಲ್ಲಿ ಒಬ್ಬರಾದರೂ ನ್ಯಾಯದ ಮಾತು ಆಡಿದರಲ್ಲ ಎಂದು ನನಗೆ ಸಮಾಧಾನವಾಯಿತು.

ಬಾಳಕ್ಕ ತಂಬೂರಿಯನ್ನು ವಡಗಾವಿಯ ತನ್ನ ಖೋಲಿಗೆ ಒಯ್ದಳು. ಕಾಲು ಚಾಚಿದರೆ ಗೋಡೆ ಸಿಗುವಂಥ ಖೋಲಿ. ಬಾಗಿಲ ಎದುರಿನ ಮೂಲೆಯಲ್ಲಿ ತಂಬೂರಿ ನಿಂತಿತು. ಆ ಮೂಲೆಗೆ ಕೊಡ, ಮೊರ, ಕಸಬರಿಗೆ ಏನೂ ಹೋಗುವಂತಿರಲಿಲ್ಲ. ಆಕೆ ಮೈ ಮುದುಡಿ ಮಲಗುತ್ತಿದ್ದಳು. ಎಡಬಲದ ಮನೆಗಳಲ್ಲಿ ಕರೆಂಟಿನ ಮಗ್ಗಗಳು ಹಗಲೆಲ್ಲ ಖಟಖಟ ಎನ್ನುತ್ತಿದ್ದವು. ಆ ಗದ್ದಲದಲ್ಲಿ ತಂಬೂರಿಯ ನಾದ ಎಲ್ಲಿ ಕೇಳಬೇಕು? ಅಮಾವಾಸ್ಯೆಗೆ ನೇಕಾರರ ಸೂಟಿ. ಮಗ್ಗ ಬಂದಾಗುವ ಆ ಒಂದು ದಿನ ಆಕೆ ಬಟ್ಟೆಯ ಗವಸಣಿಗೆ ಬಿಚ್ಚಿ, ಶ್ರುತಿ ಮಾಡಿ, ಸಂಜೆಯವರೆಗೆ ಒಬ್ಬಳೇ ಮೀಟುತ್ತಿದ್ದಳು. ಹಾಡುವವರು ಯಾರೂ ಇರಲಿಲ್ಲ. ಯಾರೂ ಹಾಡದ ತಂಬೂರಿಯ ಮುಂದೆ ಕೂತವಳನ್ನು ನೋಡಲಾಗದೆ, ನಾನು ಹೋದಾಗಲೆಲ್ಲ ಬೇಗ ಎದ್ದು ಬರುತ್ತಿದ್ದೆ.

ಕ್ರಮೇಣ ಆಕೆಯ ಬೆರಳಿನ ಗೆಣ್ಣು ಬಾತವು. ಕಿವಿ ಹಿಂಡಲು, ಅಂದರೆ ತಂತಿಯ ಗೂಟ ತಿರುಗಿಸಲು, ಆಗದಾಯಿತು. "ಮಾಸ್ತರ್ರ, ನುಡಸದ ಬಿಟ್ರ ತಂಬೂರಿ ಮೂಕ ಆಗತೈತ್ರಿ. ಕಟ್ಟಿಗಿ ಮರತು ಬಿಡತೈತಿ. ನಾ ಸತ್ರ ಸಾಯಲಿ, ಇದು ಮೂಕ ಆಗಬಾರದು" ಎಂದು ಒಮ್ಮೆ ಹೇಳಿದಳು. ಆಕೆಗೆ ಲೋಕದಲ್ಲಿ ಇದ್ದ ಚಿಂತೆ ಅದೊಂದೇ.

ಬಾಳಕ್ಕನಿಗೆ ನುಡಿಸಲು ಆಗುತ್ತಿಲ್ಲ ಎಂಬ ಸುದ್ದಿ ಹೇಗೋ ಹರಡಿ ಖಾಸಬಾಗದ ವ್ಯಾಪಾರಿ ಬಸಲಿಂಗಪ್ಪ ಹುಡುಕಿಕೊಂಡು ಬಂದರು. ಹೊಸ ಮನೆ ಕಟ್ಟಿಸಿದ್ದರು. ನಾನೂ ಅಲ್ಲಿದ್ದೆ.

"ಅಕ್ಕಾರ, ಹಾಲ್‌ನ್ಯಾಗ ಕಾಜಿನ ಕಪಾಟ ಮಾಡಸೇನ್ರಿ. ಲೈಟ್ ಹಾಕಿ ಇದನ್ನ ನಿಲ್ಲಸ್ತೇನಿ. ಬಂದವರೆಲ್ಲ ನೋಡತಾರ."

"ನುಡಸಾವ್ರು ಯಾರ್ರಿ?"

"ನುಡಸೂದು ಯಾಕ್ರಿ? ನೋಡಾಕ."

"ನೋಡಾಕ ಫೋಟೋ ಸಾಕಲ್ರಿ ಸಾವಕಾರ್ರ" ಎಂದು ಬಾಳಕ್ಕ ಚಹಾಕ್ಕೆ ಎದ್ದಳು. ಬಸಲಿಂಗಪ್ಪ ಚಹಾ ಕುಡಿದು ಮುಖ ಸಣ್ಣದು ಮಾಡಿಕೊಂಡು ಹೋದರು.

ಅದೇ ವರ್ಷ ಮಳೆಗಾಲದಲ್ಲಿ ಆಸ್ಟ್ರೇಲಿಯಾದಿಂದ ಹೆಲೆನ್ ಎಂಬಾಕೆ ನನ್ನ ವಿಳಾಸಕ್ಕೆ ಬರೆದಳು. ಎಪ್ಪತ್ತನಾಲ್ಕು, ಎಪ್ಪತ್ತೈದರ ಚಳಿಗಾಲಗಳಲ್ಲಿ ಬುವಾ ಅವರ ಹತ್ತಿರ ಹಾಡು ಕಲಿಯಲು ಬಂದಿದ್ದ ಹುಡುಗಿ. ಓಣಿಯ ಹೆಂಗಸರು ಆಕೆಯನ್ನು ಹೆಲನವ್ವ ಮಾಡಿಬಿಟ್ಟಿದ್ದರು. ಗುರುಗಳ ತಂಬೂರಿಯನ್ನು ಕೊಡುವುದಾದರೆ ತಾನು ಕೊಳ್ಳುತ್ತೇನೆ, ಬೇರೆಯದು ಬೇಡ, ಅದರ ನಾದ ಕಿವಿಯಿಂದ ಹೋಗಿಲ್ಲ ಎಂದು ಬರೆದಿದ್ದಳು. ಓದಿ ಹೇಳಿದೆ.

"ದಿನಾ ನುಡಸ್ತಾಳಂತೇನ್ರಿ?"

"ದಿನಾ ಬೆಳಿಗ್ಗೆ ರಿಯಾಜ್ ಮಾಡ್ತಾಳಂತ."

"ಹಂಗಾರ ಕಳಸೂಣ್ರಿ" ಎಂದಳು. ಅಷ್ಟೇ. ದುಡ್ಡಿನ ಮಾತು ನಾನೇ ಎತ್ತಬೇಕಾಯಿತು. ಹೆಲೆನ್ ನಾವು ಕೇಳಿದ್ದಕ್ಕಿಂತ ಹೆಚ್ಚೇ ಕಳಿಸಿದಳು. ಬಾಳಕ್ಕ ಅದನ್ನು ತೆಗೆದುಕೊಂಡು ಹೋಗಿ ಖಾನಾಪುರದಲ್ಲಿ ತಮ್ಮ ಸಿದ್ದಪ್ಪನ ಸೋರುವ ಮನೆಗೆ ಹೊಸ ಹಂಚು ಹೊದಿಸಿದಳು. ಅಟ್ಟಿದ ತವರಿಗೆ ಹಂಚು! ನಾನು ಬೈದೆ. ಆಕೆ ನಕ್ಕಳು.

ಸಾಗಿಸುವ ಕೆಲಸ ನನ್ನ ತಲೆಗೆ ಬಂತು. ತಂಬೂರಿ ಮಾವಿನಹಣ್ಣಿನ ಬುಟ್ಟಿಯಲ್ಲ. ಬೆಳಗಾವಿಯಿಂದ ಮುಂಬಯಿಗೆ ಹೋಗಬೇಕಾದರೆ ಮೀರಜದಲ್ಲಿ ಸಣ್ಣ ಗಾಡಿಯಿಂದ ದೊಡ್ಡ ಗಾಡಿಗೆ ಮಾಲು ಬದಲಾಗುತ್ತದೆ. ಅಲ್ಲಿ ಹಮಾಲರು ಹೇಗೆ ಎತ್ತಿ ಹಾಕುತ್ತಾರೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆ ತಂಬೂರಿ ಹುಟ್ಟಿದ್ದೂ ಮೀರಜದಲ್ಲೇ. ಹುಟ್ಟಿದೂರಿನಲ್ಲೇ ಅದರ ಬುರುಡೆ ಒಡೆಯುವುದು ಬೇಡವೆಂದು ಖಾನಾಪುರದ ಕಟ್ಟಿಗೆ ಅಡ್ಡೆಯಲ್ಲಿ ಒಳ್ಳೆ ಹಲಗೆ ನೋಡಿ, ಸತ್ಯಪ್ಪ ಬಡಿಗೇರನಿಗೆ ಪೆಟ್ಟಿಗೆ ಮಾಡಲು ಹೇಳಿದೆ. ಮುಂಬಯಿಯ ಏಜಂಟನಿಂದ ಕಟ್ಟಪ್ಪಣೆ ಬಂದಿತ್ತು. ಆಸ್ಟ್ರೇಲಿಯಾದವರು ಹುಲ್ಲು, ಮಣ್ಣು, ಬೀಜ, ಧಾನ್ಯ ಏನೂ ಒಳಗೆ ಬಿಡುವುದಿಲ್ಲ, ಹುಳುವಿಗೆ ಅಂಜುತ್ತಾರೆ. ಖಾನಾಪುರದಲ್ಲಿ ಹಂಚು ಕಳಿಸುವುದೂ ಭತ್ತದ ಹುಲ್ಲಿನಲ್ಲೇ, ಗಡಿಗೆ ಕಳಿಸುವುದೂ ಹುಲ್ಲಿನಲ್ಲೇ. ಸತ್ಯಪ್ಪ ಆಗಲೇ ಒಂದು ಹೊರೆ ತಂದು ಇಟ್ಟಿದ್ದ. ಅದನ್ನು ಹೊರಗೆ ಹಾಕಿಸಿ, ಹಳೆ ಬಟ್ಟೆ ರದ್ದಿ ಕಾಗದ ತರಿಸಿದೆ. ಬಾಳಕ್ಕನಿಗೂ ಬಾಯಿ ಬಿಟ್ಟು ಹೇಳಿದೆ.

"ಬಾಳಕ್ಕಾ, ಪೆಟಗಿಯಾಗ ಒಂದ ಕಾಳೂ ಹೋಗಬಾರದು ನೋಡು."

"ಕಾಳ ಯಾಕ ಹೋಗತಾವ್ರಿ?" ಎಂದಳು.

ತಂತಿಗಳನ್ನು ಸಡಿಲಿಸಿದೆವು. ಬಿಗಿದ ತಂತಿಯಿದ್ದರೆ ದಾರಿಯಲ್ಲಿ ಕುತ್ತಿಗೆ ಬಾಗುತ್ತದೆ. ತಂತಿ ಸಡಿಲಾದರೆ ಎಳೆಗಳು ಉದುರುತ್ತವೆ. ಅವನ್ನು ತೆಗೆದು ಬಾಳಕ್ಕ ಬೇರೆ ಇಟ್ಟುಕೊಂಡಳು. ಗವಸಣಿಗೆ ಹಾಕಿದ ತಂಬೂರಿಯನ್ನು, ನಾನೇ ತೂಗಿ ಹತ್ತಿಸಲೆಂದು ಖಾನಾಪುರಕ್ಕೆ ಒಯ್ದು, ಸಿದ್ದಪ್ಪನ ಮನೆಯಲ್ಲಿ ಒಂದು ದಿನ ಇಟ್ಟು, ಮರುದಿನ ಪೆಟ್ಟಿಗೆಗೆ ಮೊಳೆ ಹೊಡೆಯುವುದೆಂದು ಗೊತ್ತಾಯಿತು. ನಾನು ಡ್ಯೂಟಿಗೆ ಹೋದೆ.

ಆ ದಿನ ಮನೆಯೊಳಗೆ ನಡೆದದ್ದು ನನಗೆ ಬಹಳ ತಿಂಗಳ ನಂತರ ತಿಳಿಯಿತು. ಆದರೂ ಅದನ್ನು ಇಲ್ಲಿಯೇ ಹೇಳಿಬಿಡುತ್ತೇನೆ.

ಹೆಲೆನ್ ಎಪ್ಪತ್ತೈದರಲ್ಲಿ ಊರಿಗೆ ಹೊರಟಾಗ ಕುಂದಾಬಾಯಿ ಆಕೆಗೆ ಉಡಿ ತುಂಬಿದ್ದರು. ಮರಾಠಿಯವರು ಓಟಿ ಅನ್ನುತ್ತಾರೆ, ಹೆಸರು ಯಾವುದಾದರೇನು. ಆಕೆಯ ಸೆರಗಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಅಡಿಕೆ, ಅರಿಷಿಣ ಕೊಂಬು, ರವಿಕೆಯ ಖಣ. ಬಾಳಕ್ಕ ಅದನ್ನು ಬಾಗಿಲ ಹಿಂದೆ ನಿಂತು ನೋಡಿದ್ದಳು. ಗಂಡ ಸತ್ತವಳು ಉಡಿಯ ಎದುರು ಬರಬಾರದು ಎಂಬ ಪದ್ಧತಿ ಬ್ರಾಹ್ಮಣರಲ್ಲೂ ಇತ್ತು, ಬಸವಣ್ಣನ ಹೆಸರು ಹೇಳುವ ಮನೆಗಳಲ್ಲೂ ಇತ್ತು. ಎಲ್ಲ ಮತದವರೂ ಒಪ್ಪಿಕೊಳ್ಳುವುದು ಇಂಥ ವಿಷಯಗಳನ್ನೇ.

ಈಗ ತಂಬೂರಿ ಅಷ್ಟು ದೂರ ಹೊರಟಿದೆ. ಬರಿಗೈಲಿ ಹೇಗೆ ಕಳಿಸುವುದು? ಬಾಳಕ್ಕ ತಮ್ಮನ ಹೆಂಡತಿ ರೇಣವ್ವನನ್ನು ಕೇಳಿದಳು. ಮುತ್ತೈದೆ, ತವರಿನವಳು, ಅವಳೇ ತುಂಬಬೇಕು.

"ಮಂದಿ ನಗತಾರ ಅಕ್ಕಾರ" ಎಂದಳಂತೆ ರೇಣವ್ವ. "ಸೋರಿ ಬುರಡಿಗೆ ಯಾರರ ಉಡಿ ತುಂಬತಾರೇನು? ನಾ ಒಲ್ಲೆ. ಅಕ್ಕಿ ಬೇಕಾದ್ರ ಡಬ್ಬಿಯಾಗ ಐತಿ, ತಗೋರಿ."

ತಮ್ಮ ಸಿದ್ದಪ್ಪ ಹೊಸ ಹಂಚಿನ ಕೆಳಗೆ ಕೂತು ಎಲೆ ಅಡಿಕೆ ಮೆಲ್ಲುತ್ತಿದ್ದ.

ಬಾಳಕ್ಕ ಡಬ್ಬಿಯಿಂದ ಒಂದು ಬೊಗಸೆ ಅಕ್ಕಿ ತೆಗೆದುಕೊಂಡಳು. ಪೇಟೆಗೆ ಹೋಗಿ ಹಸಿರು ಖಣ, ಕೊಬ್ಬರಿ, ಅಡಿಕೆ, ಅರಿಷಿಣ ಕೊಂಬು ತಂದಳು. ಆ ನಾಲ್ಕು ರೇಷ್ಮೆ ಎಳೆಗಳನ್ನು ಅರಿಷಿಣ ಕೊಂಬಿಗೆ ಸುತ್ತಿದಳು. ಹೆಲನವ್ವ ಉಡಿ ಕಂಡವಳು, ಬಿಚ್ಚಿ ನೋಡುತ್ತಾಳೆ, ಎಳೆ ಸಿಗುತ್ತವೆ ಎಂಬ ಲೆಕ್ಕ. ಎಲ್ಲವನ್ನೂ ಖಣದಲ್ಲಿ ಗಂಟು ಕಟ್ಟಿ, ಗವಸಣಿಗೆಯ ಬಾಯಿ ಬಿಚ್ಚಿ, ಬುರುಡೆಯ ಮಗ್ಗುಲಿಗೆ ತಾನೇ ಇಟ್ಟಳು. ಯಾರೂ ತುಂಬಲಿಲ್ಲವೆಂದು ಗಂಡ ಸತ್ತವಳೇ ತುಂಬಿದಳು.

ನಾನು ಮರುದಿನ ಬಂದಾಗ ಸತ್ಯಪ್ಪ ಮೊಳೆ ಹೊಡೆದು ಮುಗಿಸಿದ್ದ. ಖಾನಾಪುರ ಸ್ಟೇಶನ್ನಿನಲ್ಲಿ ನಾನೇ ತೂಗಿ, ನಾನೇ ಚೀಟಿ ಅಂಟಿಸಿ, ಗಾರ್ಡನಿಗೆ ಕೈಮುಗಿದು ಹೇಳಿ ಹತ್ತಿಸಿದೆ. ಗಾಡಿ ಬಿಟ್ಟ ಮೇಲೆ ಬಾಳಕ್ಕ ಸೆರಗಿನ ತುದಿ ಬಾಯಿಗೆ ಒತ್ತಿಕೊಂಡು ಪ್ಲಾಟ್‌ಫಾರ್ಮಿನ ಕೊನೆಯವರೆಗೆ ನಡೆದು ಹೋದಳು. ಅಳುತ್ತಿದ್ದಾಳೆ ಎಂದು ನಾನು ಆಫೀಸಿನೊಳಗೆ ಹೋಗಿಬಿಟ್ಟೆ. ಹೆಂಗಸರು ಅತ್ತರೆ ನನಗೆ ಏನು ಮಾಡಬೇಕೋ ತಿಳಿಯುವುದಿಲ್ಲ.

ಆಮೇಲೆ ವಡಗಾವಿಗೆ ಹೋದಾಗ ನೋಡಿದೆ, ಮೂಲೆ ಖಾಲಿ ಇತ್ತು. ಖಾಲಿ ಎಂದರೆ ಖಾಲಿಯೇ. ಕೊಡ ಬಾಗಿಲಲ್ಲೇ, ಮೊರ ಒಲೆಯ ಮೇಲಿನ ಗೂಟದಲ್ಲೇ, ಚಾಪೆ ಮೊದಲಿನಷ್ಟೇ ಜಾಗದಲ್ಲಿ. "ಈಗರ ಕಾಲ ಚಾಚಿ ಮಲಕೋ" ಎಂದೆ. "ರೂಢಿ ಇಲ್ರಿ" ಎಂದಳು. ಅಮಾವಾಸ್ಯೆ ಬಂತೆಂದರೆ ಏನು ಮಾಡುತ್ತೀ ಎಂದು ಕೇಳಬೇಕೆಂದಿದ್ದೆ, ಕೇಳದೆ ಎದ್ದು ಬಂದೆ.

ಬೇಸಿಗೆಗೆ ಹೆಲೆನ್ನಳಿಂದ ಕಾಗದ ಬಂತು, ಜೊತೆಗೆ ಒಂದು ಕ್ಯಾಸೆಟ್ಟು. ಓದಿದವನೇ ಬಾಳಕ್ಕನನ್ನು ಟಿಳಕವಾಡಿಗೆ ಕರೆಸಿದೆ. ನನ್ನ ಹೆಂಡತಿ ಸಾವಂತ್ರವ್ವ ಮಣೆ ಹಾಕಿ ಕೂಡಿಸಿದಳು. ಒಂದೊಂದೇ ಸಾಲು ಹೇಳಿದೆ. ಬಂದರಿನಲ್ಲಿ ಅಧಿಕಾರಿಗಳು ಪೆಟ್ಟಿಗೆ ಬಿಚ್ಚಿದರು. ಒಳಗೆ ಒಂದು ಗಂಟು, ಗಂಟಿನಲ್ಲಿ ಅಕ್ಕಿ, ಅಕ್ಕಿಯಲ್ಲಿ ಜೀವಂತ ಹುಳು. ಗಂಟನ್ನೂ ಗವಸಣಿಗೆಯನ್ನೂ ಸುಟ್ಟುಹಾಕಿದರು. ತಂಬೂರಿಯನ್ನು ಹುಳು ಕೊಲ್ಲುವ ಗ್ಯಾಸಿನ ಕೋಣೆಯಲ್ಲಿಟ್ಟು ಆಮೇಲೆ ಕೊಟ್ಟರು.

"ನಾ ಹೇಳಿದ್ನಿಲ್ಲ ಬಾಳಕ್ಕಾ, ಕಾಳ ಹಾಕಬ್ಯಾಡ ಅಂತ?" ಎಂದು ದನಿ ಏರಿಸಿದೆ.

"ಕಾಳ ಎಲ್ಲೆ ಹಾಕೇನ್ರಿ?" ಎಂದಳು. "ಉಡಿ ಹಾಕೇನಿ."

ಆಗ ಖಾನಾಪುರದ ಕತೆಯೆಲ್ಲ ಹೊರಗೆ ಬಂತು. ಆಕೆಯ ಮಟ್ಟಿಗೆ ಅದು ಕಾಳಲ್ಲ. ಡಬ್ಬಿಯಲ್ಲಿದ್ದಾಗ ಅಕ್ಕಿ, ಖಣದಲ್ಲಿ ಕಟ್ಟಿದ ಮೇಲೆ ಉಡಿ. ಆ ಬಂದರಿನ ಸಾಹೇಬರಿಗೆ ಇದನ್ನು ಯಾವ ಭಾಷೆಯಲ್ಲಿ ಹೇಳುವುದು?

"ನನ್ನ ಕೇಳಿದ್ರ ನಾ ತುಂಬತಿದ್ನಲ್ಲ, ಬಾಳಕ್ಕಾ" ಎಂದಳು ಸಾವಂತ್ರವ್ವ, ಕಣ್ಣಲ್ಲಿ ನೀರು ತಂದುಕೊಂಡು.

"ತವರಿನವರ ತುಂಬಬೇಕಲ್ಲವ್ವಾ." ಬಾಳಕ್ಕ ತನ್ನ ಅಂಗೈ ನೋಡಿಕೊಂಡು ಅಂದಳು, "ಗಂಡ ಸತ್ತಾಕಿ ಕೈಯಿಂದ ತುಂಬಬಾರದಿತ್ತು. ತುಂಬಿದ್ನಿ. ಸುಟ್ಟಹೋತು."

"ಹುಳಾ ಇದ್ದವು, ಅದಕ್ಕ ಸುಟ್ರು!" ಎಂದು ನಾನು ರೇಗಿದೆ. "ಮುತ್ತೈದಿ ತುಂಬಿದ್ರೂ ಸುಡತಿದ್ರು. ಹುಳಕ್ಕ ಗಂಡ ಇದ್ದಾಕಿ ಯಾರು ಇಲ್ಲದಾಕಿ ಯಾರು ಗೊತ್ತಾಗತೈತೇನು?" ಅದು ಆಕೆಯ ಮೇಲಿನ ಸಿಟ್ಟಲ್ಲ. ಯಾರ ಮೇಲಿನದೋ.

ಕಾಗದದಲ್ಲಿ ಇನ್ನೂ ಉಳಿದಿತ್ತು. ಎಳೆಗಳು ಪೆಟ್ಟಿಗೆಯಲ್ಲಿ ಸಿಗಲಿಲ್ಲ ಎಂದು ಹೆಲೆನ್ ಬರೆದಿದ್ದಳು. ಅಲ್ಲಿ ಸಿಗುವ ಎಲ್ಲ ತರಹದ ದಾರ ಹಾಕಿ ನೋಡಿದ್ದಳು, ತಂಬೂರಿ ಬಾಯಿ ಬಿಡುತ್ತಿಲ್ಲ. ಗ್ಯಾಸಿನಿಂದ ಕಟ್ಟಿಗೆ ಸತ್ತಿದೆ, ಇನ್ನು ಇದು ನುಡಿಯುವುದಿಲ್ಲ ಎಂದು ಅಲ್ಲಿಯ ವಾದ್ಯದಂಗಡಿಯವರು ಹೇಳಿದ್ದರು. ಬೇರೆ ದಾರಿ ಕಾಣದಿದ್ದರೆ ಗುರುಗಳ ನೆನಪಿಗೆಂದು ಗೋಡೆಗೆ ಒರಗಿಸಿ ಇಡುತ್ತೇನೆ, ಬಾಳಕ್ಕ ಒಮ್ಮೆ ಇದರ ದನಿ ಕೇಳಿ ಹೇಳಲಿ ಎಂದು ಟೇಪು ಕಳಿಸಿದ್ದಳು.

ಗೋಡೆ ಎಂದ ಕೂಡಲೇ ಬಾಳಕ್ಕ ತಲೆ ಎತ್ತಿದಳು. "ಹಚ್ರಿ ಅದನ್ನ" ಎಂದಳು.

ಹಚ್ಚಿದೆ. ಟಣ್. ಟಣ್. ಟಣ್. ಒಡಕು ಕೊಡಕ್ಕೆ ಚಮಚ ಬಡಿದ ಹಾಗೆ. ಸಾವಂತ್ರವ್ವ ಕಿವಿ ಮುಚ್ಚಿಕೊಂಡಳು. ಬಾಳಕ್ಕ ಕಣ್ಣು ಮುಚ್ಚಿ, ಟೇಪಿಗೆ ಕಿವಿ ಹಚ್ಚಿ ಕೂತಳು. ತಿರುಗಿ ಹಚ್ರಿ ಎಂದಳು. ಇನ್ನೊಮ್ಮೆ ಎಂದಳು.

"ಕಟ್ಟಿಗಿ ಸತ್ತಿಲ್ರಿ" ಎಂದಳು ಕೊನೆಗೆ. "ಖರ್ಜದ ದಪ್ಪ ತಂತಿ ಕೇಳ್ರಿ, ಒಳಗ ಉಸರಾಡತೈತಿ. ಎಳಿ ಇಲ್ಲ ಅಷ್ಟ. ಎಳಿ ಕಳಸೂಣ್ರಿ."

ಒಂದು ಲಕೋಟೆಯಲ್ಲಿ ದಾರ ಕಳಿಸಲು ಎಷ್ಟು ಹೊತ್ತು ಎಂದು ನಾನು ಅಂದುಕೊಂಡೆ. ಆದರೆ ಗುರುಪಾದಪ್ಪ ಕೈಮಗ್ಗ ತೆಗೆದುಹಾಕಿ ಕರೆಂಟಿನ ಮಗ್ಗ ಹಾಕಿದ್ದ. ಹಳೆಯ ರೇಷ್ಮೆ ಅಟ್ಟದ ಮೇಲೆ ಹುಡುಕಿದಾಗ ಒಂದು ಮುಷ್ಟಿ ಸಿಕ್ಕಿತು, ಒಂದರಂತೆ ಒಂದಿಲ್ಲ. ಎಳೆಯನ್ನು ಆರಿಸಬೇಕಾದರೆ ತಂಬೂರಿಗೆ ಹಾಕಿ ನೋಡಬೇಕು. ತಂಬೂರಿ ಸಮುದ್ರದ ಆಚೆ. ಬಾಳಕ್ಕ ಅಮಾವಾಸ್ಯೆಯ ತನಕ ಕಾದಳು. ಮಗ್ಗಗಳು ನಿಂತ ಆ ದಿನ ಖೋಲಿಯಲ್ಲಿ ಕೂತು, ಒಂದೊಂದೇ ಎಳೆಯನ್ನು ಹಲ್ಲಿನಲ್ಲಿ ಕಚ್ಚಿ, ಬಾತ ಬೆರಳಿಗೆ ಸುತ್ತಿ, ಮೀಟಿ ಮೀಟಿ ನೋಡಿದಳು. ಎದುರಿಗೆ ಖಾಲಿ ಮೂಲೆ. ನಾನು ಹೊಸ್ತಿಲಲ್ಲಿ ಕೂತಿದ್ದೆ. ಇಲ್ಲದ ತಂಬೂರಿಗೆ ಆಕೆ ಎಳೆ ಹಾಕುತ್ತಿದ್ದಳು, ನೆನಪಿನ ಮೇಲೆ. ಬೆರಳು ಕೊಯ್ದು ರಕ್ತ ಬಂತು. ಸಾಕು ಬಿಡು ಎಂದರೆ ಕೇಳಲಿಲ್ಲ. ಸಂಜೆಗೆ ನಾಲ್ಕು ಎಳೆ ಆರಿಸಿ, ಯಾವ ತಂತಿಗೆ ಯಾವುದು ಎಂದು ತಿಳಿಯಲು ಗಂಟು ಹಾಕಿ ಕೊಟ್ಟಳು. ನಾನು ಕಾಗದದ ನಡುವೆ ಇಟ್ಟು ಅಂಚೆಗೆ ಹಾಕಿದೆ. ಈ ಸಲ ಅಕ್ಕಿ ಇರಲಿಲ್ಲ, ನಾನೇ ನೋಡಿ ಅಂಟಿಸಿದೆ.

ದೀಪಾವಳಿ ಮುಗಿದ ಮೇಲೆ ಎರಡನೆಯ ಕ್ಯಾಸೆಟ್ಟು ಬಂತು. ಮಗ್ಗ ನಿಂತಿರುವ ದಿನ ನೋಡಿ, ಟೇಪ್ ರೆಕಾರ್ಡರ್ ಬಗಲಲ್ಲಿ ಹಿಡಿದು ವಡಗಾವಿಗೆ ಹೋದೆ. ಬಾಳಕ್ಕ ಖೋಲಿ ಗುಡಿಸಿ, ಬಾಗಿಲು ಮುಂದೆ ಮಾಡಿ ಕೂತಳು. ನಾನು ಕ್ಯಾಸೆಟ್ಟು ಹಾಕಿದೆ.

ಟೇಪು ಸ್ವಲ್ಪ ಹೊತ್ತು ಸೊರ್ ಎಂದಿತು. ಆಮೇಲೆ ಬಂತು ನೋಡಿ. ಬುವಾ ಅವರ ಪಡಸಾಲೆಯಿಂದ ನನ್ನ ಮನೆಯ ಅಡಿಗೆಮನೆವರೆಗೆ ಮೂವತ್ತು ವರ್ಷ ಬರುತ್ತಿದ್ದ ಅದೇ ನಾದ. ಆ ಸಣ್ಣ ಖೋಲಿ ತುಂಬಿತು. ನಾನು ಗಂಡಸು, ರೈಲ್ವೆಯ ನೌಕರ, ಅತ್ತುಬಿಟ್ಟೆ. ಆ ನಾದದ ಮೇಲೆ ಹೆಲೆನ್ ಹಾಡಿದಳು, ಬುವಾ ಅವರು ಕಲಿಸಿದ್ದನ್ನೇ. ಮುಗಿದ ಮೇಲೆ ಹರಕು ಮುರುಕು ಕನ್ನಡದಲ್ಲಿ ಕೇಳಿದಳು, "ಬಾಳಕ್ಕಾ, ಚಲೋ ಐತೇನ್ರಿ?"

"ಚಲೋ ಐತ್ಯವ್ವಾ" ಎಂದು ಬಾಳಕ್ಕ ಟೇಪಿಗೆ ಉತ್ತರ ಕೊಟ್ಟಳು.

ಆಕೆ ಅಳಲಿಲ್ಲ. ಟೇಪು ಮುಗಿದು ತಾನೇ ನಿಂತಿತು. ಹೊರಗೆ ಯಾರೋ ನೀರು ಸೇದುತ್ತಿದ್ದರು.

"ಇನ್ನ ಅದಕ್ಕ ನಾ ಏನೂ ಬೇಕಾಗಿಲ್ಲ ನೋಡ್ರಿ ಮಾಸ್ತರ್ರ" ಎಂದಳು.

ಆ ಮಾತಿನಲ್ಲಿ ಸಂತೋಷವಿತ್ತೋ ದುಃಖವಿತ್ತೋ ಎಂದು ನಾನು ಬಹಳ ದಿನ ಯೋಚಿಸಿದ್ದೇನೆ. ಎರಡೂ ಇದ್ದವು. ಆಗ ತಡೆಯಲಾಗದೆ, "ಟೇಪ್ ಇಲ್ಲೇ ಇರಲಿ ಬಾಳಕ್ಕಾ, ಬೇಕಾದಾಗ ಹಚಕೊಂಡ ಕೇಳು" ಎಂದೆ.

"ಬ್ಯಾಡ್ರಿ. ಗಂಡನ ಮನಿಯಾಗ ಸುಖದಿಂದ ಇದ್ದ ಮಗಳನ್ನ ಸುಮ್ಮಸುಮ್ಮನ ಕರೀಬಾರದು."

ಕ್ಯಾಸೆಟ್ಟನ್ನು ಸೆರಗಿನಿಂದ ಒರೆಸಿ ನನ್ನ ಕೈಗೆ ಕೊಟ್ಟಳು. ನಾನು ಟೇಪ್ ಎತ್ತಿಕೊಂಡು ಬಂದೆ.

ಮುಂದೆ ಒಂದು ವಾರ ಬಿಟ್ಟು, ಸಾವಂತ್ರವ್ವ ಮಾಡಿದ ಚಕ್ಕುಲಿ ಕೊಡಲು ಅತ್ತ ಹೋಗಿದ್ದೆ. ಮಗ್ಗಗಳು ಎಂದಿನಂತೆ ಖಟಖಟ ಎನ್ನುತ್ತಿದ್ದವು. ಬಾಳಕ್ಕ ಮನೆಯಲ್ಲಿರಲಿಲ್ಲ, ಬಾಗಿಲು ಬರೀ ಮುಂದೆ ಮಾಡಿತ್ತು. ಚಕ್ಕುಲಿಯ ಡಬ್ಬಿಯನ್ನು ಒಳಗಿಡಲೆಂದು ಬಾಗಿಲು ನೂಕಿದೆ. ಎದುರಿನ ಮೂಲೆಯಲ್ಲಿ ನೀರಿನ ಕೊಡ ಇತ್ತು.